ಸೆಟ್ ದೋಸೆ, ಪಂಪ್‌ಸೆಟ್, ಸೆಟ್ ಆಗಲ್ಲ: ಒಂದೇ ಪದಕ್ಕೆ ಇಷ್ಟೊಂದು ಅರ್ಥ ಬಂದಿದ್ದು ಎಲ್ಲಿಂದ?

ಹೋಟ್ಲಲ್ಲಿ ಒಂದು ಸೆಟ್ ದೋಸೆ ಅಂತೀವಿ, ತೋಟದಲ್ಲಿ ಪಂಪ್‌ಸೆಟ್ ಸುಟ್ಟೋಯ್ತು ಅಂತೀವಿ, ಜಾತ್ರೆಗೆ ಮೈಕ್‌ಸೆಟ್ ಹೇಳಿದ್ರಾ ಅಂತ ಕೇಳ್ತೀವಿ, ಮೇಸ್ತ್ರಿ ಬಂದು ಸಿಮೆಂಟ್ ಇನ್ನೂ ಸೆಟ್ ಆಗಿಲ್ಲ ಕಾಲಿಡ್ಬೇಡಿ ಅಂತಾರೆ. ಇಷ್ಟು ಬೇರೆ ಬೇರೆ ಕೆಲಸಕ್ಕೆ ಒಂದೇ ಪದ ಹೇಗೆ ಬಂತು ಅಂತ ಹುಡುಕ್ತಾ ಹೋದ್ರೆ ಮೊದಲು ಗೊತ್ತಾಗೋದು, ಇದು ಒಂದು ಪದ ಅಲ್ಲ, ಎರಡು.

ಒಂದು, ಕ್ರಿಯಾಪದ. ಹಳೆ ಇಂಗ್ಲಿಷಲ್ಲಿ ಸಿಟ್ಟನ್ ಅಂದ್ರೆ ಕೂರೋದು, ಸೆಟ್ಟನ್ ಅಂದ್ರೆ ಕೂರಿಸೋದು. ನಮ್ಮ ಕೂರು, ಕೂರಿಸು ಇದ್ದಹಾಗೇ. ಈ ಜೋಡಿ ಗೊತ್ತಾದ್ಮೇಲೆ ನಂಗೆ ಈ ಪದ ಪೂರ್ತಿ ಬೇರೆ ಥರಾನೇ ಕಾಣಿಸೋಕೆ ಶುರುವಾಯ್ತು. ಅವರು ಉಂಗುರಕ್ಕೆ ಕಲ್ಲು ಸೆಟ್ ಮಾಡ್ತಾರೆ, ನಮ್ಮಲ್ಲಿ ಹರಳು ಕೂರಿಸ್ತಾರೆ. ಅವರು ಮುರಿದ ಮೂಳೆ ಸೆಟ್ ಮಾಡ್ತಾರೆ, ನಾವೂ ಮೂಳೆ ಕೂರಿಸಿದ್ರು ಅಂತೀವಿ. ಸೂರ್ಯ ಮುಳುಗೋದಕ್ಕೂ ಇದೇ ಪದ ಯಾಕೆ ಅನ್ನೋದಕ್ಕೂ ಇಲ್ಲೇ ಸುಳಿವಿದೆ, ಹಳೆ ಇಂಗ್ಲಿಷಲ್ಲಿ ಸೂರ್ಯ ತನ್ನ ಪೀಠಕ್ಕೆ ಹೋಗೋದು ಅನ್ನೋ ಅರ್ಥದ ಮಾತೇ ಇತ್ತು.

ಇನ್ನೊಂದು ಸೆಟ್, ಗುಂಪು ಅನ್ನೋ ಅರ್ಥದ್ದು, ಲ್ಯಾಟಿನ್ನಿನ ಸೆಕ್ಟಾದಿಂದ ಫ್ರೆಂಚ್ ದಾಟಿ ಬಂದಿದ್ದು. ಪಂಥ ಅನ್ನೋ ಅರ್ಥದ ಸೆಕ್ಟ್ ಕೂಡ ಅದೇ ಬೇರಿನದು. ಇಂಗ್ಲಿಷ್ ಬಾಯಲ್ಲಿ ಎರಡರ ಉಚ್ಚಾರಣೆ ಒಂದೇ ಆಗಿ ಅರ್ಥಗಳೂ ಕಲಸಿಹೋದ್ವು. ಕಪ್-ಸಾಸರ್ ಸೆಟ್ಟು, ರೇಡಿಯೋ ಸೆಟ್ಟು ಎಲ್ಲಾ ಈ ಗುಂಪಿನ ಕಡೆಯವು, ಬಿಡಿ ಭಾಗ ಸೇರಿಸಿ ಆದ ಒಂದು ಜೋಡಣೆ ಅಂತ. ಟೀವಿ ಸೆಟ್ಟಿನ ತಲೆ ಮೇಲೆ ಇಡ್ತಿದ್ದ ಡಬ್ಬಕ್ಕೆ ಸೆಟ್ ಟಾಪ್ ಬಾಕ್ಸ್ ಅಂದ್ರು, ಈಗ ಟೀವಿ ಗೋಡೆಗೆ ಹೋಗಿ ಡಬ್ಬ ಕೆಳಗೆ ಬಂದ್ರೂ ಹೆಸರು ಹಾಗೇ ಇದೆ. ಗಣಿತದ ಸೆಟ್‌ಗೆ ನಮ್ಮ ಪಠ್ಯಪುಸ್ತಕದವರು ಗಣ ಅಂತ ಇಟ್ಟಿದ್ದು ಬಹಳ ಒಳ್ಳೆ ಆಯ್ಕೆ, ಗುಂಪಿನ ಅರ್ಥ ನೇರವಾಗಿ ಸಿಗುತ್ತೆ.

ಈ ಅರ್ಥಗಳನ್ನೆಲ್ಲಾ ಎಣಿಸಿದ್ದು ಆಕ್ಸ್‌ಫರ್ಡ್ ನಿಘಂಟಿನವರು. ಅದರ ಮೊದಲ ಕಂತು 1884ರಲ್ಲಿ ಬಂತು, ಕೆಲಸ ಮುಗಿದಿದ್ದು 1928ರಲ್ಲಿ, ಓದುಗರು ಚೀಟಿಗಳ ಮೇಲೆ ಬರೆದು ಕಳಿಸಿದ ಉದಾಹರಣೆ ವಾಕ್ಯಗಳನ್ನ ಒಂದೊಂದಾಗಿ ವಿಂಗಡಿಸಿ ಕಟ್ಟಿದ ನಿಘಂಟು ಅದು. 1989ರ ಎರಡನೇ ಆವೃತ್ತಿ 20 ಸಂಪುಟ, ಅದರಲ್ಲಿ ಸೆಟ್ ಕ್ರಿಯಾಪದ ಒಂದಕ್ಕೇ 430 ಅರ್ಥ, ಬೇರೆ ಪದದ ಜೊತೆ ಸೇರಿ ಆದವನ್ನೂ ಹಿಡಿದ್ರೆ 580, ವಿವರಣೆಗೆ ಸುಮಾರು 60,000 ಪದ. ಒಂದು ಪದಕ್ಕೆ ಒಂದು ಕಾದಂಬರಿಯಷ್ಟು!

ಆಮೇಲೆ ನಿಘಂಟಿನ ಪರಿಷ್ಕರಣೆ ಶುರುವಾಯ್ತು, ಅದನ್ನ ಎ ಇಂದ ಅಲ್ಲ ಎಂ ಅಕ್ಷರದಿಂದ ಶುರು ಮಾಡಿದ್ರು. ಅತಿ ಉದ್ದದ ವಿವರಣೆ ಇರೋ ಪದ ಅನ್ನೋ, ಅಲ್ಲೀವರೆಗೆ ಸೆಟ್ ಹತ್ರ ಇದ್ದ ಪಟ್ಟ 2000ದಲ್ಲಿ ಮೇಕ್‌ಗೆ ಹೋಯ್ತು, 2007ರಲ್ಲಿ ಪುಟ್‌ಗೆ, 2011ರಲ್ಲಿ ರನ್‌ಗೆ. ರನ್ ಕ್ರಿಯಾಪದಕ್ಕೆ 645 ಅರ್ಥ, ಸಂಪಾದಕ ಪೀಟರ್ ಗಿಲ್ಲಿವರ್ ಅದೊಂದರ ಮೇಲೇ ಒಂಬತ್ತು ತಿಂಗಳು ಕೂತಿದ್ರು. ರೈಲು, ಕಾರ್ಖಾನೆ, ಕಂಪ್ಯೂಟರ್ ಪ್ರೋಗ್ರಾಂ ಎಲ್ಲಾ ಓಡೋಕೆ ಶುರುವಾದ್ಮೇಲೆ ಆ ಪದಾನೂ ಬೆಳೀತು. ಆದ್ರೆ ಸೆಟ್ ಸೋತೋಯ್ತು ಅನ್ನೋದನ್ನ ನಾನು ಒಪ್ಪಲ್ಲ, 430 ಅನ್ನೋದು ಹಳೆ ಎಣಿಕೆ, 645 ಹೊಸದು, ಎರಡನ್ನೂ ಪಕ್ಕಪಕ್ಕ ಇಟ್ಟು ತೂಗೋದು ಸರಿಯಲ್ಲ.

ಆ ಎಣಿಕೆಯಲ್ಲಿ ಇಲ್ಲದ ಅರ್ಥವೂ ನಮ್ಮ ಹತ್ರ ಇದೆ. ಅವರಿಬ್ರಿಗೂ ಸೆಟ್ ಆಗಲ್ಲ ಅಂದ್ರೆ ಹೊಂದಿಕೆ ಆಗಲ್ಲ ಅಂತ, ಈ ಊಟ ನಂಗೆ ಸೆಟ್ ಆಗ್ತಿಲ್ಲ ಅಂದ್ರೆ ಒಗ್ಗುತ್ತಿಲ್ಲ ಅಂತ. ಲಂಡನ್ನಿನಲ್ಲಿ ಈ ಮಾತನ್ನ ಹಾಗೇ ಇಂಗ್ಲಿಷಿಗೆ ಹಾಕಿ ಹೇಳಿದ್ರೆ ಯಾರಿಗೂ ಅರ್ಥ ಆಗಲ್ಲ. ಇದು ಕನ್ನಡದವರ ಬಾಯಲ್ಲಿ, ನಮ್ಮ ಸುತ್ತಲಿನ ಭಾಷೆಗಳವರ ಬಾಯಲ್ಲಿ ಬೆಳೆದ ಅರ್ಥ, ಆದ್ರಿಂದ ಇದನ್ನ ಎರವಲು ಪದ ಅಂತ ಪಕ್ಕಕ್ಕಿಡದೆ, ಅರ್ಥ ಮತ್ತು ಉದಾಹರಣೆ ವಾಕ್ಯದ ಸಮೇತ ಕನ್ನಡ ನಿಘಂಟುಗಳಲ್ಲೇ ಬರ್ಕೊಳ್ಬೇಕು.