ಗೋಧಿ ಬಿಡಿಸುವ ಮೊದಲು ಗೋಧಿ ತಿನ್ನಿಸಿ ಅಂದರು

"ಚಪಾತಿ ನಿಲ್ಲಿಸಬೇಡಿ. ಎಂಡೋಸ್ಕೋಪಿ ಆಗೋವರೆಗೂ ದಿನಾ ಕೊಡಿ." ದಾವಣಗೆರೆಯಲ್ಲಿರುವ ನನ್ನ ತಂಗಿಗೆ ಮಕ್ಕಳ ಡಾಕ್ಟರು ಹೀಗಂದಾಗ ಅವಳಿಗೆ ಅಳುವೇ ಬಂತಂತೆ. ಎಂಡೋಸ್ಕೋಪಿ ಅಂದರೆ ಬಾಯಿಂದ ಕೊಳವೆ ಇಳಿಸಿ ಕರುಳು ನೋಡಿ, ಅದರ ಚೂರು ತೆಗೆಯುವ ಪರೀಕ್ಷೆ. ಗೋಧಿಯಿಂದಲೇ ಮಗು ಹೀಗಾಗಿರಬಹುದು ಅನ್ನುವ ಅನುಮಾನ ಇದೆ. ಅದನ್ನೇ ತಿನ್ನಿಸು ಅಂದರೆ ಯಾವ ತಾಯಿಗೆ ಕೈ ಬರುತ್ತೆ?

ಮಗುವಿಗೆ ಈಗ 20 ತಿಂಗಳು. ಮೊದಲ ಹುಟ್ಟುಹಬ್ಬಕ್ಕೆ 8 ಕೆ.ಜಿ. ಇದ್ದಳು, ಎಂಟು ತಿಂಗಳು ಕಳೆದ ಮೇಲೆ 8 ಕೆ.ಜಿ. 400 ಗ್ರಾಂ. ಕೈಕಾಲು ಕಡ್ಡಿ, ಹೊಟ್ಟೆ ಮಾತ್ರ ಮಡಕೆ ಹಾಗೆ. ಹಾಕಿದ ಚಡ್ಡಿ ನಿಲ್ಲುತ್ತಿರಲಿಲ್ಲ, ಜಾರಿ ಬೀಳುತ್ತಿತ್ತು. ದಿನಕ್ಕೆ ನಾಲ್ಕೈದು ಸಲ ಬೂದಿ ಬಣ್ಣದ, ನಾತ ಹೊಡೆಯುವ ಭೇದಿ. ನಗುನಗುತ್ತಾ ಇದ್ದ ಕೂಸು ಇಡೀ ದಿನ ಕಿರಿಕಿರಿ. ಹಲ್ಲು ಬರ್ತಿದೆ ಅಂದರು. ದೃಷ್ಟಿ ಅಂದರು, ಅಮ್ಮ ಮೆಣಸಿನಕಾಯಿ ಉಪ್ಪು ನಿವಾಳಿಸಿದ್ದೂ ಆಯಿತು. ಜಂತುಹುಳದ ಔಷಧಿ, ಕಬ್ಬಿಣದ ಹನಿ ಎಲ್ಲಾ ಆಯಿತು, ರಕ್ತ ಮಾತ್ರ ಏರಲಿಲ್ಲ. ಕೊನೆಗೆ ದೆಹಲಿಯಲ್ಲಿರುವ ನಮ್ಮ ಭಾವನ ಆಫೀಸಿನ ಪಂಜಾಬಿ ಗೆಳೆಯರೊಬ್ಬರು ಫೋನಿನಲ್ಲಿ ಮಗುವಿನ ಫೋಟೋ ನೋಡಿ, "ಗೋಧಿ ಟೆಸ್ಟ್ ಮಾಡಿಸಿದ್ರಾ?" ಅಂತ ಕೇಳಿದರು. ಅವರ ಮಗಳಿಗೂ ಇದೇ ಇತ್ತಂತೆ. ಅಲ್ಲಿ ಈ ಕಾಯಿಲೆಯ ಹೆಸರು ಗೊತ್ತಿರುವವರು ಜಾಸ್ತಿ. ನಮ್ಮ ಕಡೆ ಇದಕ್ಕೊಂದು ಹೆಸರೇ ಇಲ್ಲ.

ಹೆಸರು ಸೀಲಿಯಾಕ್. ಗ್ರೀಕ್ ಭಾಷೆಯ ಹೊಟ್ಟೆ ಅನ್ನುವ ಪದದಿಂದ ಬಂದದ್ದು. ಸುಮಾರು 1,900 ವರ್ಷಗಳ ಹಿಂದೆ ಕಪಡೋಕಿಯದ ಅರಿಟೇಯಸ್ ಅನ್ನುವ ವೈದ್ಯ, ತಿಂದದ್ದು ಅರಗದೆ ಹಾಗೇ ಹೊರಗೆ ಹೋಗಿ ಮೈ ಸೊರಗುವ ರೋಗಿಗಳ ಬಗ್ಗೆ ಬರೆದಾಗ ಬಳಸಿದ ಮಾತು. ಆಮೇಲೆ ಬಹಳ ಕಾಲ ಯಾರೂ ಅದನ್ನು ಹೆಚ್ಚು ಕೆದಕಲಿಲ್ಲ.

ನಿಜವಾದ ಕಥೆ ಶುರುವಾಗುವುದು 1887ರಲ್ಲಿ, ಲಂಡನ್ನಿನ ಗ್ರೇಟ್ ಆರ್ಮಂಡ್ ಸ್ಟ್ರೀಟ್ ಮಕ್ಕಳ ಆಸ್ಪತ್ರೆಯಲ್ಲಿ. ಸ್ಯಾಮ್ಯುಯೆಲ್ ಗೀ ಎಂಬ ಡಾಕ್ಟರು ಒಂದು ಉಪನ್ಯಾಸ ಕೊಟ್ಟರು, ಮರುವರ್ಷ ಅದು ಅಚ್ಚಾಯಿತು. ಒಂದರಿಂದ ಐದು ವರ್ಷದೊಳಗಿನ ಮಕ್ಕಳಿಗೆ ಹೆಚ್ಚಾಗಿ ಬರುತ್ತೆ, ವಾಸಿಯಾಗುವುದೇ ಆದರೆ ಅದು ಊಟದಿಂದಲೇ ಆಗಬೇಕು ಅಂದರು. ಎಷ್ಟು ಸರಿಯಾಗಿ ಹೇಳಿದ್ದರು ನೋಡಿ. ಆದರೆ ಊಟದಲ್ಲಿ ಏನು ಬಿಡಬೇಕು ಅನ್ನುವ ಹೊತ್ತಿಗೆ ಎಡವಿದರು. ಅಕ್ಕಿ ಬೇಡ, ಸಬ್ಬಕ್ಕಿ ಬೇಡ ಅಂದರು. ಏನು ಕೊಡಬಹುದು? ರಸ್ಕ್, ಮತ್ತೆ ತೆಳ್ಳಗೆ ಕೊಯ್ದು ಎರಡೂ ಕಡೆ ಚೆನ್ನಾಗಿ ಸುಟ್ಟ ಬ್ರೆಡ್! ಅನ್ನ ಬಿಡಿಸಿ ರಸ್ಕ್ ಕೊಟ್ಟ ಹಾಗಾಯಿತು. ಇದನ್ನು ಓದಿದಾಗ ನನಗೆ ನಗು ಬಂತು, ಆಮೇಲೆ ಆ ಮಕ್ಕಳನ್ನು ನೆನೆದು ಹೊಟ್ಟೆ ಚುರ್ ಅಂದಿತು. ಅದೇ ಲೇಖನದಲ್ಲಿ ಇನ್ನೊಂದು ಮಗುವಿನ ಪ್ರಸಂಗ ಇದೆ. ಕರಾವಳಿಯವರು ಪಚ್ಚಿಲೆ ಅನ್ನುತ್ತಾರಲ್ಲ, ಆ ಜಾತಿಯ ಚಿಪ್ಪನ್ನು ಹಾಲೆಂಡಿನಿಂದ ತರಿಸಿ ದಿನಾ ಒಂದು ಲೀಟರಿನಷ್ಟು ತಿನ್ನಿಸಿದಾಗ ಮಗು ಚೆನ್ನಾಗಿ ಚೇತರಿಸಿಕೊಂಡಿತು. ಸೀಸನ್ ಮುಗಿಯಿತು, ಮತ್ತೆ ಕಾಯಿಲೆ ಬಿತ್ತು. ಮುಂದಿನ ಸೀಸನ್ನಿಗೆ ಎಷ್ಟು ಪುಸಲಾಯಿಸಿದರೂ ಮಗು ಚಿಪ್ಪು ಮುಟ್ಟಲೇ ಇಲ್ಲ. ಎರಡು ವರ್ಷದ ಮಕ್ಕಳಿರುವ ಮನೆಯವರಿಗೆ ಇದರಲ್ಲಿ ಆಶ್ಚರ್ಯವೇನೂ ಕಾಣಲಿಕ್ಕಿಲ್ಲ.

ಆಮೇಲೆ ಬಾಳೆಹಣ್ಣಿನ ಕಾಲ ಬಂತು. 1924ರಲ್ಲಿ ನ್ಯೂಯಾರ್ಕಿನ ಸಿಡ್ನಿ ಹಾಸ್ ಎಂಬ ಡಾಕ್ಟರು ಈ ಮಕ್ಕಳಿಗೆ ಬ್ರೆಡ್ಡು, ಬಿಸ್ಕತ್ತು, ಆಲೂಗಡ್ಡೆ, ಧಾನ್ಯ ಎಲ್ಲಾ ಬಂದ್ ಮಾಡಿ ರಾಶಿ ಬಾಳೆಹಣ್ಣು ತಿನ್ನಿಸಿದರು. ಮಕ್ಕಳು ಚೇತರಿಸಿಕೊಂಡರು. ಅದಕ್ಕೆ ಮೊದಲು ಇಂಥ ಎಷ್ಟೋ ಮಕ್ಕಳು ಸಾಯುತ್ತಿದ್ದರು, ಹಾಗಾಗಿ ಇದು ಸಣ್ಣ ವಿಷಯ ಅಲ್ಲ. ಆದರೆ ಬಾಳೆಹಣ್ಣಿನಲ್ಲಿ ಏನೋ ಔಷಧಿ ಗುಣ ಇದೆ ಅಂತ ಅವರು ನಂಬಿಬಿಟ್ಟರು. ವಾಸಿ ಮಾಡಿದ್ದು ತಟ್ಟೆಯಲ್ಲಿ ಇದ್ದದ್ದಲ್ಲ, ಇಲ್ಲದ್ದು. ಈ ತಪ್ಪು ತಿಳಿವಳಿಕೆಯಿಂದ ಹಾನಿಯೂ ಆಯಿತು. ಮಗು ಗುಣವಾಯಿತು ಅಂತ ನಂಬಿ ಮತ್ತೆ ಬ್ರೆಡ್ ಶುರು ಮಾಡಿದ ಮನೆಗಳಲ್ಲಿ ಕರುಳು ಒಳಗೊಳಗೇ ಮತ್ತೆ ಹಾಳಾಗುತ್ತಿತ್ತು.

ಬ್ರೆಡ್ಡಿನ ಮೇಲೆ ಸರಿಯಾಗಿ ಬೆರಳಿಟ್ಟು ತೋರಿಸಿದವರು ಹಾಲೆಂಡಿನ ವಿಲ್ಲೆಮ್ ಕಾರೆಲ್ ಡಿಕ್ಕೆ, ದ ಹೇಗ್ ನಗರದ ಜೂಲಿಯಾನಾ ಮಕ್ಕಳ ಆಸ್ಪತ್ರೆಯ ಡಾಕ್ಟರು. 1944-45ರ ಚಳಿಗಾಲದಲ್ಲಿ, ಜರ್ಮನ್ನರ ಹಿಡಿತದಲ್ಲಿದ್ದ ಹಾಲೆಂಡಿನಲ್ಲಿ ಘೋರ ಬರ ಬಿತ್ತು. ಜನ ಟ್ಯೂಲಿಪ್ ಹೂವಿನ ಗೆಡ್ಡೆ ಬೇಯಿಸಿಕೊಂಡು ತಿಂದರು. ಊರಿಗೆ ಊರೇ ಸೊರಗುತ್ತಿದ್ದಾಗ ಸೀಲಿಯಾಕ್ ಮಕ್ಕಳು ಮಾತ್ರ ಸುಧಾರಿಸಿದರು, ಬ್ರೆಡ್ ವಾಪಸ್ ಬಂದಾಗ ಮತ್ತೆ ಮಲಗಿದರು. ಆಗ ಡಿಕ್ಕೆಯವರಿಗೆ ಇದ್ದಕ್ಕಿದ್ದಂತೆ ಹೊಳೆಯಿತು ಅಂತ ಕಥೆ ಹೇಳುತ್ತಾರೆ. ಹೊಳೆದದ್ದು ಆಗ ಅಲ್ಲ. 1930ರ ದಶಕದಲ್ಲೇ ಅವರಿಗೆ ಗೋಧಿಯ ಮೇಲೆ ಅನುಮಾನ ಇತ್ತು, 1941ರಲ್ಲೇ ಗೋಧಿ ಇಲ್ಲದ ಊಟದ ಬಗ್ಗೆ ಡಚ್ ಭಾಷೆಯಲ್ಲಿ ಬರೆದಿದ್ದರು. ಆ ಅನುಮಾನ ಹುಟ್ಟಿದ್ದು ಹೇಗೆ ಅನ್ನುವ ಕಥೆ ಕೂಡ ಹೇಳಬೇಕು: ಬ್ರೆಡ್ ಬಿಡಿಸಿದರೆ ಮಗು ಸುಧಾರಿಸುತ್ತೆ ಅಂತ ಒಬ್ಬ ತಾಯಿ ಹೇಳಿದ್ದನ್ನು ಅವರು ತಳ್ಳಿಹಾಕದೆ ಕೇಳಿಸಿಕೊಂಡಿದ್ದರಂತೆ. ತಂಗಿಗೆ ಇದನ್ನು ಹೇಳಿದಾಗ, "ನಮ್ಮ ಮಾತು ಕೇಳೋ ಡಾಕ್ಟರು ಆಗಲೂ ಇದ್ರಲ್ಲ" ಅಂದಳು.

ಇಲ್ಲೊಂದು ಅಡ್ಡಮಾತು. ಅದೇ ಯುದ್ಧದಲ್ಲಿ ಬರ್ಮಾ ಜಪಾನಿನ ಪಾಲಾಗಿ ಅಲ್ಲಿಂದ ಬರುತ್ತಿದ್ದ ಅಕ್ಕಿ ನಿಂತಿತು. ಅಕ್ಕಿ ಸಿಗದೆ ರವೆಯಲ್ಲಿ ಇಡ್ಲಿ ಮಾಡಿ ನೋಡಿದೆವು, ರವೆ ಇಡ್ಲಿ ಹುಟ್ಟಿದ್ದು ಹಾಗೆ ಅಂತ ಬೆಂಗಳೂರಿನ ಎಂಟಿಆರ್‌ನವರು ಹೇಳುತ್ತಾರೆ. ಯುದ್ಧ ಅಲ್ಲಿ ತಟ್ಟೆಯಿಂದ ಗೋಧಿ ಕಿತ್ತುಕೊಂಡಿತು, ಇಲ್ಲಿ ತಟ್ಟೆಗೆ ಗೋಧಿ ಹಾಕಿತು.

ಯುದ್ಧ ಮುಗಿದ ಮೇಲೆ ಡಿಕ್ಕೆ ಸುಮ್ಮನೆ ಕೂರಲಿಲ್ಲ. ಮಕ್ಕಳಿಗೆ ಗೋಧಿ ಕೊಟ್ಟು, ಬಿಡಿಸಿ, ಮತ್ತೆ ಕೊಟ್ಟು, ತೂಕ ಬರೆದಿಟ್ಟುಕೊಂಡರು. 1950ರಲ್ಲಿ ಅದೇ ಅವರ ಪ್ರಬಂಧವಾಯಿತು. ಗೋಧಿಯಲ್ಲಿ ಯಾವುದು ವಿಷ ಅನ್ನುವುದನ್ನು 1952ರಲ್ಲಿ ಬರ್ಮಿಂಗ್‌ಹ್ಯಾಮಿನ ತಂಡ ಖಚಿತ ಮಾಡಿತು. ಗೋಧಿಹಿಟ್ಟು ನಾದಿ ನೀರಿನಲ್ಲಿ ಹಿಸುಕಿ ಹಿಸುಕಿ ತೊಳೆದರೆ ಬಿಳಿ ಗಂಜಿ ಹರಿದುಹೋಗಿ ರಬ್ಬರಿನಂಥ ಜಿಗುಟು ಉಳಿಯುತ್ತೆ. ಗಂಜಿಯಿಂದ ಮಕ್ಕಳಿಗೆ ಏನೂ ಆಗಲಿಲ್ಲ, ಜಿಗುಟು ಕೊಟ್ಟಾಗ ಭೇದಿ ಶುರುವಾಯಿತು. ಅದೇ ಗ್ಲುಟೆನ್. ಹೋಳಿಗೆಯ ಕಣಕ ಎಷ್ಟು ಎಳೆದರೂ ಹರಿಯದೆ ಬರುತ್ತಲ್ಲ, ಅದು ಗ್ಲುಟೆನ್ನಿನ ಕೆಲಸ. ಜೋಳದ ಹಿಟ್ಟಿಗೆ ಬಿಸಿನೀರು ಹಾಕಿ, ಹದ ನೋಡಿ, ತಟ್ಟಿ ತಟ್ಟಿ ರೊಟ್ಟಿ ಮಾಡಬೇಕು, ಇಲ್ಲದಿದ್ದರೆ ಅಂಚು ಸೀಳುತ್ತೆ. ಯಾಕಂದರೆ ಅದರಲ್ಲಿ ಗ್ಲುಟೆನ್ ಇಲ್ಲ.

ಇದು ಅಲರ್ಜಿ ಅಲ್ಲ. ನಮ್ಮ ಸಣ್ಣ ಕರುಳಿನ ಒಳಗೋಡೆ ಟರ್ಕಿ ಟವೆಲಿನ ಹಾಗೆ, ತುಂಬಾ ಸಣ್ಣ ಎಳೆಗಳಿಂದ ತುಂಬಿರುತ್ತೆ. ಊಟದ ಸತ್ವ ಹೀರುವುದು ಅವೇ. ಸೀಲಿಯಾಕ್ ಇರುವವರಲ್ಲಿ ಗ್ಲುಟೆನ್ ಒಳಗೆ ಬಂದಾಗ ಮೈಯ ಕಾವಲು ಪಡೆ ತನ್ನದೇ ಕರುಳಿನ ಮೇಲೆ ಬೀಳುತ್ತೆ. ಎಳೆಗಳು ಸವೆದು ಟವೆಲು ಹಳೇ ಪಂಚೆಯ ಹಾಗೆ ನುಣ್ಣಗಾಗುತ್ತೆ. ತಿಂದದ್ದು ಒಳಗೆ ಹೋದರೂ ಮೈಗೆ ಹತ್ತಲ್ಲ. 1950ರ ದಶಕದಲ್ಲಿ ಇದನ್ನು ಕಣ್ಣಾರೆ ಕಂಡರು. ಮೊದಲು ಆಪರೇಷನ್ನಿನಲ್ಲಿ ಸಿಕ್ಕ ಕರುಳಿನ ಚೂರಿನಲ್ಲಿ, ಆಮೇಲೆ 1957ರಲ್ಲಿ ಬಂದ ಕ್ರಾಸ್ಬಿ ಕ್ಯಾಪ್ಸೂಲಿನಿಂದ. ಕೊಳವೆಗೆ ಕಟ್ಟಿದ ಒಂದು ಲೋಹದ ಗುಳಿಗೆ, ಒಳಗೆ ಪುಟ್ಟ ಚಾಕು. ಅದನ್ನು ನುಂಗಿಸಿ ಕರುಳಿನ ಚೂರು ಕತ್ತರಿಸಿ ತೆಗೆಯುತ್ತಿದ್ದರು. ಎರಡು ವರ್ಷದ ಮಗುವಿಗೆ ಅದನ್ನು ನುಂಗಿಸುವುದು ಹೇಗಿದ್ದಿರಬೇಡ!

ಅದೂ ಒಂದು ಸಲ ಅಲ್ಲ. 1969ರಲ್ಲಿ ಸ್ವಿಟ್ಜರ್ಲೆಂಡಿನ ಇಂಟರ್‌ಲಾಕೆನ್‌ನಲ್ಲಿ ಯುರೋಪಿನ ಮಕ್ಕಳ ಡಾಕ್ಟರುಗಳು ಸೇರಿ ಮೂರು ಸಲ ಚೂರು ತೆಗೆಯುವ ನಿಯಮ ಮಾಡಿದರು. ಗೋಧಿ ತಿನ್ನುವಾಗ ಒಂದು, ಬಿಟ್ಟು ಗುಣವಾದ ಮೇಲೆ ಒಂದು, ಮತ್ತೆ ತಿನ್ನಿಸಿ ಹಾಳಾಯಿತಾ ಅಂತ ನೋಡಲು ಇನ್ನೊಂದು. 1990ರಲ್ಲಿ ಒಂದು ಸಾಕು ಅಂದರು. 1997ರಲ್ಲಿ ಜರ್ಮನಿಯ ತಂಡವೊಂದು ಈ ಕಾಯಿಲೆಯಲ್ಲಿ ಮೈ ಯಾವುದರ ವಿರುದ್ಧ ತಿರುಗಿ ಬೀಳುತ್ತೆ ಅಂತ ಪತ್ತೆ ಹಚ್ಚಿತು. ಅದು ನಮ್ಮ ಮೈಯಲ್ಲೇ ಇರುವ ಟಿಶ್ಯೂ ಟ್ರಾನ್ಸ್‌ಗ್ಲುಟಮಿನೇಸ್ ಅನ್ನುವ ಕಿಣ್ವ, ಲ್ಯಾಬ್ ಚೀಟಿಯಲ್ಲಿ ಬರೆಯುವ ಟಿಟಿಜಿ. ಅದರ ವಿರುದ್ಧ ಮೈ ತಯಾರಿಸುವ ಪ್ರತಿಕಾಯವನ್ನು ಅಳೆಯುವ ರಕ್ತಪರೀಕ್ಷೆ ಅಲ್ಲಿಂದ ಸುಲಭವಾಯಿತು. 2012ರಿಂದ ಯುರೋಪಿನ ಮಾರ್ಗಸೂಚಿ, ಟಿಟಿಜಿ ಮಿತಿಗಿಂತ ಹತ್ತು ಪಟ್ಟು ಜಾಸ್ತಿ ಇದ್ದು ಬೇರೆ ರಕ್ತಪರೀಕ್ಷೆಗಳೂ ಹೌದು ಅಂದರೆ ಕೆಲವು ಮಕ್ಕಳಿಗೆ ಎಂಡೋಸ್ಕೋಪಿಯೇ ಬೇಡ ಅನ್ನುತ್ತೆ. 2020ರಲ್ಲಿ ಅದನ್ನು ಇನ್ನಷ್ಟು ಸರಳ ಮಾಡಿದರು. ನಮ್ಮ ಮಗುವಿಗೆ ಬಂದದ್ದು ಆರು ಪಟ್ಟು. ಹಾಗಾಗಿ ಎಂಡೋಸ್ಕೋಪಿ.

ಈಗ ಆ ಡಾಕ್ಟರ ಮಾತಿಗೆ ಬರೋಣ. ರಕ್ತದಲ್ಲಿ ಹುಡುಕುವುದು ಗೋಧಿ ತಿಂದಾಗ ಮೈ ತೋರಿಸುವ ಸಿಟ್ಟನ್ನು, ಕರುಳಿನಲ್ಲಿ ಹುಡುಕುವುದು ಆ ಸಿಟ್ಟು ಮಾಡಿದ ಗಾಯವನ್ನು. ಗೋಧಿ ಬಿಟ್ಟು ತಿಂಗಳುಗಟ್ಟಲೆ ಆದರೆ ಸಿಟ್ಟೂ ಇಳಿಯುತ್ತೆ, ಗಾಯವೂ ಮಾಯುತ್ತೆ. ಆಗ ಟೆಸ್ಟ್ ಮಾಡಿದರೆ ಏನೂ ಇಲ್ಲ ಅಂತ ಬರಬಹುದು. ಮತ್ತೆ ವಾರಗಟ್ಟಲೆ ಗೋಧಿ ತಿನ್ನಿಸಿ ಕಾಯಬೇಕು. ಪಕ್ಕದ ಮನೆಯವರ ಮಾತು ಕೇಳಿ ತಂಗಿ ಹತ್ತು ದಿನ ಗೋಧಿ ಬಿಡಿಸಿದ್ದಳು, ಡಾಕ್ಟರು ಬೈಯಲಿಲ್ಲ, "ಇನ್ನು ಬಿಡಿಸಬೇಡಿ" ಅಂದರು ಅಷ್ಟೇ. ಟಿಟಿಜಿ ಜೊತೆ ಒಟ್ಟು ಐಜಿಎ ಕೂಡ ಬರೆದಿದ್ದರು. ಟಿಟಿಜಿ ಟೆಸ್ಟಿನಲ್ಲಿ ಹುಡುಕುವುದು ಐಜಿಎ ಎಂಬ ಬಗೆಯ ಪ್ರತಿಕಾಯವನ್ನು. ಕೆಲವು ಮಕ್ಕಳ ಮೈಯಲ್ಲಿ ಐಜಿಎ ಅನ್ನುವುದೇ ಕಡಿಮೆ ಇರುತ್ತೆ, ಅಂಥವರಲ್ಲಿ ಕಾಯಿಲೆ ಇದ್ದರೂ ಟಿಟಿಜಿ ಇಲ್ಲ ಅಂತ ತೋರಿಸಿಬಿಡುತ್ತೆ. ಇಷ್ಟೆಲ್ಲಾ ಯಾಕೆ, ಬಿಡಿಸಿ ನೋಡಿದರೆ ಆಗಲ್ವಾ ಅಂತ ಭಾವನೂ ಕೇಳಿದರು. ಹೌದು ಅಂತಾದರೆ ಜೀವನಪೂರ್ತಿ ಒಂದು ಚೂರೂ ಗೋಧಿ ಇಲ್ಲ. ಮದುವೆ ಮನೆ, ಸ್ಕೂಲ್ ಡಬ್ಬಿ, ಹಾಸ್ಟೆಲ್, ಎಲ್ಲಾ ಕಡೆ. ಅಂಥದ್ದನ್ನು ಅಂದಾಜಿನ ಮೇಲೆ ಹೇರಕ್ಕಾಗಲ್ಲ.

ನಮ್ಮ ದೇಶದಲ್ಲಿ ಉತ್ತರದ ಮಕ್ಕಳಲ್ಲಿ ಸೀಲಿಯಾಕ್ ಇದೆ ಅಂತ 1966ರಲ್ಲೇ ವೈದ್ಯಕೀಯ ಪತ್ರಿಕೆಗಳಲ್ಲಿ ವರದಿಯಾಗಿತ್ತು. ದಕ್ಷಿಣದಲ್ಲಿ ಅದು ನಮ್ಮದಲ್ಲದ ಕಾಯಿಲೆ ಅನ್ನಿಸಿಕೊಂಡೇ ಉಳಿಯಿತು. ಪೂರ್ತಿ ತಪ್ಪೇನಲ್ಲ. 2016ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ 23,331 ವಯಸ್ಕರನ್ನು ಪರೀಕ್ಷಿಸಿದ್ದರು. ಉತ್ತರದಲ್ಲಿ 100ಕ್ಕೆ 1.23 ಜನರಿಗೆ, ದಕ್ಷಿಣದಲ್ಲಿ 100ಕ್ಕೆ 0.10 ಜನರಿಗೆ ಇತ್ತು. ಹನ್ನೆರಡು ಪಟ್ಟು ವ್ಯತ್ಯಾಸ. ಹಾಗಾದರೆ ನಮ್ಮ ರಕ್ತವೇ ಬೇರೆಯಾ? ಅಲ್ಲ. ಈ ಕಾಯಿಲೆಗೆ ಬೇಕಾದ ಜೀನ್ ಉತ್ತರದಲ್ಲಿ 100ಕ್ಕೆ 38 ಜನರಲ್ಲಿದ್ದರೆ ದಕ್ಷಿಣದಲ್ಲಿ 36. ಹೆಚ್ಚುಕಮ್ಮಿ ಒಂದೇ. (ಜೀನ್ ಇದ್ದವರಲ್ಲಿ ಕಾಯಿಲೆ ಬರುವುದು ಕೆಲವರಿಗೆ ಮಾತ್ರ, ಹೆದರಬೇಡಿ.) ವ್ಯತ್ಯಾಸ ಇದ್ದದ್ದು ತಟ್ಟೆಯಲ್ಲಿ: ದಿನಕ್ಕೆ ಅಲ್ಲಿ 455 ಗ್ರಾಂ ಗೋಧಿ, ಇಲ್ಲಿ 25 ಗ್ರಾಂ. ದಕ್ಷಿಣದ ಆ ಲೆಕ್ಕ ವೆಲ್ಲೂರಿನ ಕಡೆಯದು. ನಮ್ಮ ಮನೆಯಲ್ಲಿ ಬೆಳಗ್ಗೆ ಹಾಲಿಗೆ ಬಿಸ್ಕತ್ತು, ತಿಂಡಿಗೆ ಉಪ್ಪಿಟ್ಟು, ರಾತ್ರಿ ಚಪಾತಿ. ಮಗು ತಿನ್ನುತ್ತಿದ್ದದ್ದು ಯಾವ ಪಟ್ಟಿಗೆ ಸೇರುತ್ತೆ ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಚಿಕ್ಕ ವಯಸ್ಸಿಗೇ ಗೋಧಿ ಕೊಟ್ಟದ್ದು ತಪ್ಪಾಯ್ತಾ ಅಂತ ತಂಗಿ ಇನ್ನೂ ಕೊರಗುತ್ತಾಳೆ. ಸ್ವೀಡನ್ನಿನಲ್ಲಿ 1980ರ ದಶಕದ ನಡುವಿನಿಂದ ಸುಮಾರು ಹತ್ತು ವರ್ಷ ಎರಡು ವರ್ಷದೊಳಗಿನ ಮಕ್ಕಳಲ್ಲಿ ಈ ಕಾಯಿಲೆ ನಾಲ್ಕು ಪಟ್ಟು ಏರಿತ್ತು. ಗೋಧಿ ಯಾವಾಗ, ಎಷ್ಟು ಕೊಟ್ಟರು ಅನ್ನುವುದೇ ಕಾರಣ ಇರಬೇಕು ಅಂತ ಆಗ ಅಂದುಕೊಂಡರು. 2014ರಲ್ಲಿ ಬಂದ ಎರಡು ದೊಡ್ಡ ಅಧ್ಯಯನಗಳಲ್ಲಿ, ಸ್ವಲ್ಪ ಮುಂಚೆ ಶುರು ಮಾಡಿದರೂ ತಡ ಮಾಡಿದರೂ ಕೊನೆಗೆ ಕಾಯಿಲೆ ಬರುವ ಪ್ರಮಾಣ ಬದಲಾಗಲಿಲ್ಲ. ಅವಳ ತಪ್ಪು ಅಂತೂ ಅಲ್ಲ.

ಹೌದು ಅಂತ ಬಂದರೆ ಊಟಕ್ಕೆ ತೊಂದರೆ ಇಲ್ಲ. ರಾಗಿ, ಅಕ್ಕಿ, ಜೋಳ, ನವಣೆ, ಸಜ್ಜೆ ಎಲ್ಲಾ ಆಗುತ್ತೆ. ಕಷ್ಟ ಇರುವುದು ಕಾಣದ ಕಡೆ. ಗಿರಣಿಯಲ್ಲಿ ಯಾರದೋ ಗೋಧಿ ಬೀಸಿದ ಮೇಲೆ ನಮ್ಮ ರಾಗಿ ಹಾಕಿದರೆ ಆ ಹಿಟ್ಟೂ ಬರುತ್ತೆ. ಜವೆ ಗೋಧಿ ಒಳ್ಳೆಯದು ಅಂತ ಹೇಳುವವರು ಬಹಳ. ಆ ಹೆಸರನ್ನು ಕೆಲವರು ಕಪ್ಲಿ ಗೋಧಿಗೆ, ಕೆಲವರು ಬಾರ್ಲಿಗೆ ಹೇಳುತ್ತಾರೆ, ಎರಡರಲ್ಲೂ ಗ್ಲುಟೆನ್ ಇದೆ. ಮಾಲ್ಟ್ ಪುಡಿಗಳಲ್ಲಿ ಬಾರ್ಲಿ. ದೇವಸ್ಥಾನದ ಸಜ್ಜಿಗೆ ರವೆಯದೇ. ಪೊಟ್ಟಣದ ಮೇಲೆ ಗ್ಲುಟೆನ್ ಫ್ರೀ ಅಂತ ಬರೆಯಬೇಕಾದರೆ ಕೆ.ಜಿ.ಗೆ 20 ಮಿಲಿಗ್ರಾಂಗಿಂತ ಹೆಚ್ಚು ಇರಬಾರದು ಅಂತ ನಮ್ಮಲ್ಲೂ ನಿಯಮ ಇದೆ.

ಎಂಡೋಸ್ಕೋಪಿ ಮಂಗಳವಾರ. ಅಲ್ಲಿಯವರೆಗೆ ದಿನಾ ಚಪಾತಿ. ಅಮ್ಮ ಅದನ್ನು ಹಾಲಿನಲ್ಲಿ ಕಿವುಚಿ ತಿನ್ನಿಸುತ್ತಾಳೆ, ಒಂದೊಂದು ತುತ್ತಿಗೂ ಮಗುವಿನ ಹೊಟ್ಟೆ ಸವರುತ್ತಾಳೆ. ನಿನ್ನೆ ಸಾರಿಗೆ ಒಗ್ಗರಣೆ ಹಾಕಲು ಹೋದವಳು ಕೈ ತಡೆದು, ಕನ್ನಡಕ ಹುಡುಕಿ ಹಾಕಿಕೊಂಡು, ಇಂಗಿನ ಡಬ್ಬಿ ತಿರುಗಿಸಿ ಸಣ್ಣ ಅಕ್ಷರ ಓದಿದಳು. "ಇದರಲ್ಲೂ ಮೈದಾ ಇದೆಯಲ್ಲೋ" ಅಂದಳು. ಆಮೇಲೆ ನನ್ನ ಮುಖ ನೋಡಿ, "ಮಂಗಳವಾರದವರೆಗೆ ಹಾಕಬಹುದಲ್ಲ?" ಅಂತ ಕೇಳಿ ಒಗ್ಗರಣೆಗೆ ಚಿಟಿಕೆ ಉದುರಿಸಿದಳು.