ಮೂರು ಗುಂಡಿಗೆ ಪಾಸಾದ ಪಿಸ್ತೂಲು

ಹೊಸ ಪಿಸ್ತೂಲಿನ ಪೆಟ್ಟಿಗೆ ಬಿಚ್ಚಿದರೆ ಕೆಲವು ಸಲ ಒಳಗೊಂದು ಪುಟ್ಟ ಕಾಗದದ ಲಕೋಟೆ ಸಿಗುತ್ತದೆ. ಅದರಲ್ಲಿ ಹಾರಿಸಿ ಮುಗಿದ ಒಂದೋ ಎರಡೋ ಹಿತ್ತಾಳೆ ಕೇಸು, ಅಂದರೆ ತೋಟಾದ ಖಾಲಿ ಕವಚ. ಬಾಯಿಯ ಸುತ್ತ ಮಸಿ ಹಿಡಿದಿರುತ್ತದೆ. ಕೊಂಡವರು ಅದನ್ನು ನೋಡಿ, 'ಪರವಾಗಿಲ್ಲ, ಹಾರಿಸಿ ನೋಡೇ ಕಳಿಸಿದ್ದಾರೆ' ಅಂತ ಸಮಾಧಾನ ಪಟ್ಟುಕೊಳ್ಳುತ್ತಾರೆ. ಆದರೆ ಆ ಲಕೋಟೆಯ ಹಿಂದಿನ ಕತೆ ಬೇರೆ. ಅಮೆರಿಕದ ಮೇರಿಲ್ಯಾಂಡ್ ಮತ್ತು ನ್ಯೂಯಾರ್ಕ್ ರಾಜ್ಯಗಳು 2000ದ ಸುಮಾರಿಗೆ ಒಂದು ಕಾನೂನು ಮಾಡಿದವು. ಪ್ರತಿ ಹೊಸ ಪಿಸ್ತೂಲಿನ ಜೊತೆ ಅದರ ಖಾಲಿ ಕೇಸೂ ಪೊಲೀಸರ ಕೈ ಸೇರಬೇಕು. ಮುಂದೆ ಎಲ್ಲಾದರೂ ಅಪರಾಧ ನಡೆದರೆ ಗುರುತು ಹೋಲಿಸಬಹುದು ಅನ್ನೋದು ಲೆಕ್ಕ. ಆ ಪದ್ಧತಿಯನ್ನು ನ್ಯೂಯಾರ್ಕ್ 2012ರಲ್ಲಿ ಬಿಟ್ಟಿತು, ಮೇರಿಲ್ಯಾಂಡ್ 2015ರಲ್ಲಿ. ಅಂದರೆ ಲಕೋಟೆ ಇದ್ದದ್ದು ಪೊಲೀಸರಿಗಾಗಿ. ಗುಣಮಟ್ಟಕ್ಕೂ ಅದಕ್ಕೂ ಅಂಥ ಸಂಬಂಧವೇನೂ ಇರಲಿಲ್ಲ.

ಅದೇ ಪಿಸ್ತೂಲು ಮೊದಲ ದಿನ ಶೂಟಿಂಗ್ ರೇಂಜಿನಲ್ಲಿ ಏಳನೇ ಗುಂಡಿಗೋ ಎಂಟನೆಯದಕ್ಕೋ ನಿಂತುಬಿಡುತ್ತದೆ. ಖಾಲಿ ಕೇಸು ಹೊರಗೆ ಹಾರುವ ಬದಲು ಪಿಸ್ತೂಲಿನ ಮೇಲ್ಭಾಗದಲ್ಲಿ ಹಿಂದೆ ಮುಂದೆ ಸರಿಯುವ ಸ್ಲೈಡಿನ ಬಾಯಿಗೆ ಸಿಕ್ಕಿಕೊಂಡು, ಒಲೆಯ ಹೊಗೆಕೊಳವೆಯ ಹಾಗೆ ನೆಟ್ಟಗೆ ನಿಂತಿರುತ್ತದೆ. ಇದಕ್ಕೆ 'ಸ್ಟೋವ್‌ಪೈಪ್' ಅಂತಲೇ ಹೆಸರು. ಈಗಷ್ಟೇ ದುಡ್ಡು ಕೊಟ್ಟು ತಂದ ಹೊಸ ಯಂತ್ರ. ಪ್ರಾಣ ಉಳಿಸಿಕೊಳ್ಳೋಕೆ ಅಂತ ತಂದಿದ್ದರೆ ಕೋಪ ಇನ್ನೂ ಜಾಸ್ತಿ, ಅಲ್ವಾ?

ಕಾರ್ಖಾನೆಯವರು ಸೋಮಾರಿಗಳು ಅಂತ ಬೈದು ಸುಮ್ಮನಾಗಬಹುದು. ಕೆಲವು ಕಡೆ ಅದು ನಿಜವೂ ಇರಬಹುದು. ಆದರೆ ಎಲ್ಲರೂ ಪ್ರಾಮಾಣಿಕವಾಗಿ ಕೆಲಸ ಮಾಡಿದರೂ ಇಂಥ ಪಿಸ್ತೂಲು ಹೊರಗೆ ಬರುತ್ತದೆ. ಹೇಗೆ ಅಂತ ತಿಳಿಯಲು ಮೊದಲು ಆ ಒಂದು ಗುಂಡು ಹಾರುವಾಗ ಒಳಗೆ ಏನಾಗುತ್ತದೆ ಅನ್ನೋದನ್ನು ಹತ್ತಿರದಿಂದ ನೋಡಬೇಕು.

ಟ್ರಿಗರ್ ಎಳೆದ ಮೇಲೆ ಮದ್ದು ಹೊತ್ತಿ, ಗುಂಡು ಬ್ಯಾರೆಲ್ ದಾಟಿ ಹೊರಬೀಳಲು ಸೆಕೆಂಡಿನ ಸಾವಿರದ ಒಂದು ಭಾಗವೂ ಬೇಕಾಗುವುದಿಲ್ಲ. ಗುಂಡು ಮುಂದಕ್ಕೆ ಹೋದ ರಭಸಕ್ಕೆ ಬ್ಯಾರೆಲ್ಲೂ ಸ್ಲೈಡೂ ಒಟ್ಟಿಗೆ ಹಿಂದಕ್ಕೆ ಸರಿಯುತ್ತವೆ. ಕೆಲವು ಮಿಲಿಮೀಟರ್ ಆದ ಮೇಲೆ ಬ್ಯಾರೆಲ್ ಹಿಂಭಾಗ ಕೆಳಗೆ ಬಾಗಿ ಬಿಟ್ಟುಕೊಳ್ಳುತ್ತದೆ, ಸ್ಲೈಡ್ ಒಂದೇ ಮುಂದುವರಿಯುತ್ತದೆ. ಅದರ ಜೊತೆ ಎಕ್ಸ್‌ಟ್ರಾಕ್ಟರ್ ಅನ್ನೋ ಸಣ್ಣ ಕೊಕ್ಕೆ ಖಾಲಿ ಕೇಸಿನ ಅಂಚು ಹಿಡಿದು ಎಳೆದು ತರುತ್ತದೆ. ಹಿಂದೆ ಇರುವ ಒಂದು ಕಡ್ಡಿಗೆ ಕೇಸು ಬಡಿದು ಪಕ್ಕಕ್ಕೆ ಹಾರುತ್ತದೆ. ಆಮೇಲೆ ಸ್ಪ್ರಿಂಗ್ ಸ್ಲೈಡನ್ನು ಮುಂದಕ್ಕೆ ದೂಡುತ್ತದೆ. ದಾರಿಯಲ್ಲಿ ಅದು ಮ್ಯಾಗಜೀನಿನ (ತೋಟಾಗಳನ್ನು ಜೋಡಿಸಿಡುವ ಡಬ್ಬಿ) ಮೇಲಿನ ತೋಟಾವನ್ನು ತಳ್ಳಿಕೊಂಡು, ಇಳಿಜಾರು ಹತ್ತಿಸಿ, ಬ್ಯಾರೆಲ್ಲಿನ ಹಿಂಬಾಯಿಯಲ್ಲಿರುವ ಚೇಂಬರಿಗೆ ನೂಕುತ್ತದೆ. ಇಷ್ಟೆಲ್ಲ ನಡೆಯುವುದು ಹೆಚ್ಚುಕಡಿಮೆ ಕಣ್ಣು ಮಿಟುಕಿಸುವಷ್ಟು ಹೊತ್ತಿನೊಳಗೆ.

ಇಲ್ಲಿ ಒಂದು ವಿಚಿತ್ರ ಇದೆ. ಮ್ಯಾಗಜೀನ್ ಬಿಟ್ಟು ಚೇಂಬರ್ ಸೇರುವ ನಡುವೆ ತೋಟಾವನ್ನು ಯಾವ ಭಾಗವೂ ಗಟ್ಟಿಯಾಗಿ ಹಿಡಿದಿರುವುದಿಲ್ಲ. ಮ್ಯಾಗಜೀನಿನ ಬಾಯಲ್ಲಿ ಮಡಿಸಿದ ತಗಡಿನ ಎರಡು ತುಟಿಗಳಿಂದ ಜಾರಿ, ಕೊಕ್ಕೆಯ ಕೆಳಗೆ ನುಸುಳಿ, ತಾನಾಗಿ ದಾರಿ ಹುಡುಕಿಕೊಂಡ ಹಾಗೆ ಹೋಗುತ್ತದೆ. ತುಟಿ ಸ್ವಲ್ಪ ಅಗಲವಾದರೆ ತೋಟಾ ಬೇಗ ಬಿಟ್ಟುಕೊಂಡು ಮೂಗು ಮೇಲೆತ್ತುತ್ತದೆ. ಕಿರಿದಾದರೆ ತಡವಾಗಿ ಬಿಟ್ಟು ಮೂಗು ಕೆಳಗೆ ಕುಟ್ಟುತ್ತದೆ. ಇಳಿಜಾರಿನ ಮೇಲೆ ಯಂತ್ರ ಬಿಟ್ಟುಹೋದ ಒಂದು ಗೀರು, ಕೊಕ್ಕೆಯ ಅಂಚಿನಲ್ಲಿ ಉಳಿದ ಕೂದಲೆಳೆಯಷ್ಟು ಮುಳ್ಳು, ಅಷ್ಟಿದ್ದರೂ ಸಾಕು.

ಈಗ ಅಳತೆಯ ಲೆಕ್ಕಕ್ಕೆ ಬರೋಣ. ಎಷ್ಟೇ ಒಳ್ಳೆಯ ಯಂತ್ರವಾದರೂ ಯಾವ ಭಾಗವನ್ನೂ ಕರಾರುವಾಕ್ಕಾಗಿ ಕೇಳಿದಷ್ಟೇ ಅಳತೆಗೆ ಕೊರೆಯಲಾರದು. ಅದಕ್ಕೇ ನಕ್ಷೆಯಲ್ಲಿ 'ಇಷ್ಟು ಹೆಚ್ಚು ಕಡಿಮೆ ಇರಬಹುದು' ಅಂತ ಬರೆದಿರುತ್ತಾರೆ. ಅದೇ ಟಾಲರೆನ್ಸ್. ತೋಟಾ ಯಾವ ಎತ್ತರದಲ್ಲಿ ನಿಲ್ಲಬೇಕು ಅನ್ನೋದನ್ನು ಏಳು ಅಳತೆಗಳು ಸೇರಿ ತೀರ್ಮಾನಿಸುತ್ತವೆ ಅಂತಿಟ್ಟುಕೊಳ್ಳಿ: ತುಟಿಯ ಎತ್ತರ, ಮ್ಯಾಗಜೀನ್ ಹಿಡಿಯುವ ಗುಂಡಿ, ಫ್ರೇಮಿನ ಹಳಿ, ಸ್ಲೈಡಿನ ತೋಡು, ಹೀಗೆ. ಪ್ರತಿಯೊಂದಕ್ಕೂ 0.05 ಮಿ.ಮೀ. ಆಚೀಚೆ ಬಿಟ್ಟಿದ್ದಾರೆ. ಇದು ತಲೆಗೂದಲಿಗಿಂತ ತೆಳು. ಆದರೆ ಏಳೂ ಒಂದೇ ಕಡೆಗೆ ವಾಲಿದರೆ ಒಟ್ಟು 0.35 ಮಿ.ಮೀ. ಆಗುತ್ತದೆ. ಏಳು ಭಾಗಗಳೂ ಪಾಸು, ಜೋಡಿಸಿದ ಪಿಸ್ತೂಲು ಫೇಲು.

ಎಂಜಿನಿಯರುಗಳಿಗೆ ಇದು ಗೊತ್ತಿಲ್ಲ ಅಂತಲ್ಲ. ಏಳೂ ಒಟ್ಟಿಗೆ ಒಂದೇ ಕಡೆ ವಾಲುವುದು ಬಹಳ ಅಪರೂಪ ಅನ್ನೋದೂ ಅವರಿಗೆ ಗೊತ್ತು. ಅದಕ್ಕೇ ಸುಮ್ನೆ ಕೂಡಿಸುವ ಬದಲು ಪ್ರತಿ ಅಳತೆಯನ್ನು ವರ್ಗ ಮಾಡಿ, ಕೂಡಿಸಿ, ವರ್ಗಮೂಲ ತೆಗೆಯುತ್ತಾರೆ. ಆಗ ಸಿಗುವುದು ಸುಮಾರು 0.13 ಮಿ.ಮೀ. ಅಷ್ಟಕ್ಕೆ ತಾಳಿಕೊಳ್ಳುವಂತೆ ವಿನ್ಯಾಸ ಮಾಡಿದರೆ ಮಾಮೂಲಿ ಲೆಕ್ಕದ ಪ್ರಕಾರ ಸಾವಿರಕ್ಕೆ ಮೂರು ಪಿಸ್ತೂಲು ಆ ಗೆರೆ ದಾಟುತ್ತವೆ. ಕಾರ್ಖಾನೆಗೆ ಇದು ಒಳ್ಳೆಯ ವ್ಯಾಪಾರ, ಏಕೆಂದರೆ ಟಾಲರೆನ್ಸ್ ಇನ್ನೂ ಬಿಗಿ ಮಾಡಿದರೆ ಖರ್ಚು ಏರುತ್ತದೆ. ಹತ್ತು ಲಕ್ಷ ಪಿಸ್ತೂಲು ಮಾಡಿದರೆ ಸುಮಾರು 2,700 ಮಂದಿಗೆ ಸಿಟ್ಟು ಬರುತ್ತದೆ, ಅಷ್ಟೇ. ಆ 2,700 ಮಂದಿಯಲ್ಲಿ ಒಬ್ಬರಾಗಿ ನೋಡಿ, ಲೆಕ್ಕ ಇಷ್ಟು ಚಂದ ಕಾಣುವುದಿಲ್ಲ.

ಇನ್ನೊಂದು ಸಂಗತಿ ನನಗೆ ಬಹಳ ಇಷ್ಟ. ಚೇಂಬರನ್ನು ಕೊನೆಯ ಅಳತೆಗೆ ತರುವುದು ರೀಮರ್ ಅನ್ನೋ ಉಪಕರಣ. ಅದು ಸವೆಯುತ್ತದೆ, ಸಾಣೆ ಹಿಡಿದ ಹಾಗೆಲ್ಲ ಸಣ್ಣದಾಗುತ್ತದೆ. ಹೊಸ ರೀಮರ್ ಕೊರೆದ ಚೇಂಬರ್ ಕೊಂಚ ದೊಡ್ಡದು. ಅದೇ ರೀಮರ್ ಮುದಿಯಾದಾಗ ಕೊರೆದದ್ದು ಕೊಂಚ ಇಕ್ಕಟ್ಟು. ಎರಡೂ ಮಿತಿಯೊಳಗೇ ಇವೆ, ಅಳತೆ ನೋಡುವ ಗೇಜಿಗೆ ಎರಡೂ ಪಾಸು. ಆದರೆ ಇಕ್ಕಟ್ಟಾದ ಚೇಂಬರಿಗೆ ದಪ್ಪಗಿನ ತೋಟಾ ಬಂದರೆ ಸ್ಲೈಡ್ ಪೂರ್ತಿ ಮುಚ್ಚುವುದಿಲ್ಲ. ಒಂದೇ ಮಾಡೆಲ್ ಕೊಂಡ ಇಬ್ಬರು ಗೆಳೆಯರಲ್ಲಿ ಒಬ್ಬ 'ಬಂಗಾರದಂಥ ಪಿಸ್ತೂಲು' ಅನ್ನುತ್ತಾನೆ, ಇನ್ನೊಬ್ಬ 'ಡಬ್ಬಾ' ಅನ್ನುತ್ತಾನೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಹೀಗೆ ಅಳತೆ ಮೆಲ್ಲಗೆ ಜಾರುವುದನ್ನು ಮೊದಲೇ ಹಿಡಿಯಲೆಂದೇ ವಾಲ್ಟರ್ ಶೂಹಾರ್ಟ್ 1924ರಲ್ಲಿ ಕಂಟ್ರೋಲ್ ಚಾರ್ಟ್ ಅನ್ನೋದನ್ನು ಮುಂದಿಟ್ಟರು, ಅದೂ ಟೆಲಿಫೋನ್ ಉಪಕರಣಗಳಿಗಾಗಿ. ನೂರು ವರ್ಷ ಹಳೆಯ ಮದ್ದು. ಕುಡಿಯುವವರು ದಿನಾ ಕುಡಿಯಬೇಕು.

ಮೊದಲು ಹೀಗಿರಲಿಲ್ಲ ಅನ್ನುವವರ ಮಾತಿನಲ್ಲಿ ಅರ್ಧ ನಿಜ ಇದೆ. ಹಿಂದೆ ಜೋಡಣೆಯ ಮೇಜಿನಲ್ಲಿ ಅರ ಹಿಡಿದು ಕೂತ ಒಬ್ಬ ಫಿಟ್ಟರ್ ಇರುತ್ತಿದ್ದ. ಕೊಕ್ಕೆಯನ್ನು ಹಾಕಿ ನೋಡುತ್ತಿದ್ದ, ಬಿಗಿ ಅನ್ನಿಸಿದರೆ ಎರಡು ಸಲ ಉಜ್ಜುತ್ತಿದ್ದ, ಮತ್ತೆ ಹಾಕುತ್ತಿದ್ದ. ಅವನ ಸಂಬಳ ಜೋಡಿಸುವುದಕ್ಕೆ. ಆದರೆ ಅವನು ಬಿಟ್ಟಿಯಾಗಿ ಇನ್ನೊಂದು ಕೆಲಸವನ್ನೂ ಮಾಡುತ್ತಿದ್ದ: ಪ್ರತಿ ಪಿಸ್ತೂಲಿನ ತಪಾಸಣೆ. ಅವನನ್ನು ತೆಗೆಯುವ ಯೋಚನೆ ಹಳೆಯದು. 1813ರಲ್ಲಿ ಸಿಮಿಯನ್ ನಾರ್ತ್ ಅನ್ನುವವರು ಅಮೆರಿಕದ ಸರ್ಕಾರಕ್ಕೆ 20,000 ಪಿಸ್ತೂಲು ಮಾಡಿಕೊಡಲು ಒಪ್ಪಿದರು. ಯಾವ ಪಿಸ್ತೂಲಿನ ಯಾವ ಭಾಗವಾದರೂ ಉಳಿದ ಯಾವುದಕ್ಕಾದರೂ ಹೊಂದಬೇಕು ಅನ್ನೋ ಷರತ್ತು ಆ ಒಪ್ಪಂದದಲ್ಲೇ ಇತ್ತು. ಅದು ಎಷ್ಟರ ಮಟ್ಟಿಗೆ ನಡೆಯಿತು ಅನ್ನೋದು ಬೇರೆ ಮಾತು. ದಾರಿ ಮಾತ್ರ ಅಲ್ಲಿಗೆ ಖಾತ್ರಿಯಾಯಿತು. ಅರ ಹೋಗಿ ಗೇಜ್ ಬಂತು. ಗೇಜ್ ಒಂದೊಂದೇ ಭಾಗವನ್ನು ನೋಡುತ್ತದೆ. ಏಳು ಭಾಗ ಒಟ್ಟಿಗೆ ಸೇರಿದಾಗ ಹೇಗಿರುತ್ತವೆ ಅಂತ ಕೈಯಲ್ಲಿ ಹಿಡಿದು ನೋಡುವವರು ಉಳಿಯಲಿಲ್ಲ.

ಈಗ ಸಣ್ಣ ಭಾಗಗಳು ಬರುವುದೂ ಬೇರೆ ದಾರಿಯಲ್ಲಿ. ಲೋಹದ ನುಣುಪು ಪುಡಿಯನ್ನು ಮೇಣ, ಪ್ಲಾಸ್ಟಿಕ್ ಜೊತೆ ಕಲಸಿ ಅಚ್ಚಿಗೆ ಒತ್ತುತ್ತಾರೆ. ಆಮೇಲೆ ಮೇಣ ತೆಗೆದು ಕುಲುಮೆಯಲ್ಲಿ ಬೇಯಿಸುತ್ತಾರೆ. ಬೆಂದಾಗ ಭಾಗ ಉದ್ದದಲ್ಲಿ ಶೇ. 15ರಿಂದ 20ರಷ್ಟು ಕುಗ್ಗುತ್ತದೆ. ಪ್ರತಿ ಸಲ ಅಷ್ಟೇ ಕುಗ್ಗಬೇಕು. ಕುಲುಮೆಯ ಬಿಸಿ ಏರುಪೇರಾದರೆ ಅಳತೆ ತಪ್ಪುತ್ತದೆ, ಒಳಗೆ ಗಾಳಿಗುಳ್ಳೆ ಉಳಿದರೆ ಒಂದು ದಿನ ಪಟ್ ಅಂತ ಮುರಿಯುತ್ತದೆ. ಇದಕ್ಕೆ ಎಂ.ಐ.ಎಂ. (ಮೆಟಲ್ ಇಂಜೆಕ್ಷನ್ ಮೋಲ್ಡಿಂಗ್) ಅನ್ನುತ್ತಾರೆ, ಪಿಸ್ತೂಲು ಪ್ರಿಯರಿಗೆ ಈ ಮೂರು ಅಕ್ಷರ ಕಂಡರೆ ಆಗುವುದಿಲ್ಲ. ನನಗೇನೋ ಅದು ಅನ್ಯಾಯ ಅನ್ನಿಸುತ್ತದೆ. ಹಲ್ಲಿಗೆ ಹಾಕುವ ಬ್ರೇಸಿನ ಪುಟ್ಟ ಬಿಲ್ಲೆಗಳನ್ನೂ ಇದೇ ವಿಧಾನದಲ್ಲಿ ಮಾಡುತ್ತಾರೆ. ಕುಲುಮೆಯ ಮುಂದೆ ನಿಂತವರು ಅಸಡ್ಡೆ ಮಾಡಿದರೆ ವಿಧಾನವನ್ನು ಯಾಕೆ ಬೈಯಬೇಕು?

ಇಷ್ಟಾದ ಮೇಲೂ ಕೊನೆಗೆ ಒಂದು ಪರೀಕ್ಷೆ ಇದ್ದೇ ಇದೆಯಲ್ಲ, ಹಾರಿಸಿ ನೋಡುವುದು? ಆ ಪರೀಕ್ಷೆ ಸಾಮಾನ್ಯವಾಗಿ ಕೆಲವೇ ಗುಂಡುಗಳದ್ದು. ಇಪ್ಪತ್ತಕ್ಕೊಂದು ಸಲ ಸಿಕ್ಕಿಹಾಕಿಕೊಳ್ಳುವ ಕೆಟ್ಟ ಪಿಸ್ತೂಲು ಒಂದಿದೆ ಅನ್ನಿ. ಮೂರು ಗುಂಡು ಹಾರಿಸಿದರೆ ಅದು ತೊಂದರೆ ಕೊಡದೆ ಪಾಸಾಗುವ ಸಾಧ್ಯತೆ ಶೇ. 86. ಹತ್ತು ಹಾರಿಸಿದರೂ ಶೇ. 60. ಅದೂ ಅಲ್ಲದೆ ದೋಷಗಳು ಲಾಟರಿ ಚೀಟಿಯ ಹಾಗೆ ಬರುವುದಿಲ್ಲ. ಮ್ಯಾಗಜೀನ್ ತುಂಬಾ ಇದ್ದಾಗ ಸ್ಪ್ರಿಂಗ್ ಬಿಗಿಯಾಗಿ ಒತ್ತಿ, ಮೇಲಿನ ತೋಟಾ ಜಾರಲು ಕಷ್ಟಪಡುತ್ತದೆ. ಕೊನೆಯ ಒಂದೆರಡಕ್ಕೆ ಸ್ಪ್ರಿಂಗ್ ಸಡಿಲ. ಬರೀ ಮೂರು ತೋಟಾ ತುಂಬಿ ಪರೀಕ್ಷೆ ಮಾಡಿದರೆ, ತುಂಬಿದ ಮ್ಯಾಗಜೀನಿನ ಕಷ್ಟ ಏನು ಅಂತ ಆ ಪಿಸ್ತೂಲಿಗೆ ಗೊತ್ತೇ ಆಗುವುದಿಲ್ಲ.

ಹಾಗಾದರೆ ಪ್ರತಿಯೊಂದಕ್ಕೂ 200 ಗುಂಡು ಹಾರಿಸಿ ನೋಡಬಾರದೇ? ಅಮೆರಿಕ ಒಂದರಲ್ಲೇ 2019ರಲ್ಲಿ ಸುಮಾರು 30 ಲಕ್ಷ ಪಿಸ್ತೂಲು ತಯಾರಾದವು, 2021ರಲ್ಲಿ 67 ಲಕ್ಷಕ್ಕೂ ಜಾಸ್ತಿ. ಅಷ್ಟಕ್ಕೂ ತಲಾ 200 ಅಂದರೆ 134 ಕೋಟಿ ಗುಂಡು. ಯಾವ ಕಂಪನಿಯೂ ಮಾಡುವುದಿಲ್ಲ. ಎರಡೇ ವರ್ಷದಲ್ಲಿ ಉತ್ಪಾದನೆ ದುಪ್ಪಟ್ಟಾಗುವಾಗ ಹೊಸ ಕೆಲಸಗಾರರು, ಹೊಸ ಪಾಳಿ, ಅವಸರ ಎಲ್ಲ ಬಂದೇ ಬರುತ್ತವೆ ಅಂತ ಬೇರೆ ಹೇಳಬೇಕಿಲ್ಲ.

ಸರ್ಕಾರಗಳು ಏನೂ ನೋಡುವುದಿಲ್ಲ ಅಂತಲೂ ಅಲ್ಲ. ಯೂರೋಪಿನಲ್ಲಿ 'ಪ್ರೂಫ್' ಪರೀಕ್ಷೆ ಬಹಳ ಹಳೆಯದು. ಲಂಡನ್ನಿನ ಬಂದೂಕು ತಯಾರಕರ ಸಂಘಕ್ಕೆ ಸನ್ನದು ಸಿಕ್ಕಿದ್ದು 1637ರಲ್ಲಿ, ಬರ್ಮಿಂಗ್‌ಹ್ಯಾಮಿನ ಪ್ರೂಫ್ ಹೌಸಿಗೆ ಕಾನೂನು ಆದದ್ದು 1813ರಲ್ಲಿ. ನಾರ್ತ್ ಒಪ್ಪಂದದ ವರ್ಷವೇ, ನೋಡಿ. ಈಗಿನ ಯೂರೋಪಿನ ನಿಯಮದಂತೆ 9 ಮಿ.ಮೀ. ತೋಟಾದ ಗರಿಷ್ಠ ಒತ್ತಡ 2,350 ಬಾರ್. ಕಾರಿನ ಟೈರಿನ ಒತ್ತಡದ ಸಾವಿರ ಪಟ್ಟು. ಪ್ರೂಫ್ ಪರೀಕ್ಷೆಯಲ್ಲಿ ಅದಕ್ಕೂ ಶೇ. 30 ಜಾಸ್ತಿ ಒತ್ತಡ ಕೊಟ್ಟು, ತಡೆದುಕೊಂಡರೆ ಮುದ್ರೆ ಒತ್ತುತ್ತಾರೆ. ಆ ಮುದ್ರೆ ಹೇಳುವುದು ಒಂದೇ: ಇದು ಕೈಯಲ್ಲಿ ಸಿಡಿಯುವುದಿಲ್ಲ. ಸಿಕ್ಕಿಹಾಕಿಕೊಳ್ಳುವುದಿಲ್ಲ ಅಂತ ಅದು ಎಲ್ಲೂ ಹೇಳುವುದಿಲ್ಲ.

ಕ್ಯಾಲಿಫೋರ್ನಿಯಾ ಅದನ್ನೂ ಕೇಳುತ್ತದೆ. ಮಾರಾಟಕ್ಕೆ ಮುಂಚೆ ಒಂದು ಮಾಡೆಲಿನ ಮೂರು ಪಿಸ್ತೂಲುಗಳು ತಲಾ 600 ಗುಂಡು ಹಾರಿಸಬೇಕು. ಮೊದಲ 20 ತಡೆಯಿಲ್ಲದೆ ಹೋಗಬೇಕು, ಒಟ್ಟಾರೆ ಆರಕ್ಕಿಂತ ಜಾಸ್ತಿ ಸಲ ನಿಲ್ಲಬಾರದು. ಒಳ್ಳೆಯ ಪರೀಕ್ಷೆಯೇ. ಆದರೆ ಆ ಮೂರರಲ್ಲಿ ಅಂಗಡಿಯಿಂದ ನೀವು ತರುವ ಪಿಸ್ತೂಲು ಇರುವುದಿಲ್ಲವಲ್ಲ. ಇನ್ನು ಕೆಟ್ಟ ಮಾಲು ಹೊರಬಿದ್ದ ಮೇಲೆ? ಅಮೆರಿಕದಲ್ಲಿ ಗ್ರಾಹಕ ವಸ್ತುಗಳ ಸುರಕ್ಷತೆಗೆ 1972ರ ಕಾನೂನಿನಿಂದ ಹುಟ್ಟಿದ ಆಯೋಗ ಇದೆ. ಅದರ ವ್ಯಾಪ್ತಿಯಿಂದ ಬಂದೂಕನ್ನು ಹೊರಗಿಟ್ಟಿದ್ದಾರೆ. ದೋಷವಿರುವ ಆಟಿಕೆ ಪಿಸ್ತೂಲನ್ನು ಸರ್ಕಾರ ವಾಪಸ್ ತರಿಸಬಹುದು, ನಿಜವಾದ ಪಿಸ್ತೂಲನ್ನು ಆಗದು. 2017ರಲ್ಲಿ ಸಿಗ್ ಸಾವರ್ ಕಂಪನಿಯ ಪಿ320 ಪಿಸ್ತೂಲು ಕೆಲವು ಕೋನಗಳಲ್ಲಿ ನೆಲಕ್ಕೆ ಬಿದ್ದರೆ ಸಿಡಿಯಬಹುದು ಅಂತ ಗೊತ್ತಾದಾಗ ಕಂಪನಿ ಹಗುರವಾದ ಟ್ರಿಗರ್ ಹಾಕಿಕೊಡಲು ಮುಂದಾಯಿತು. ಅದು ವಿನ್ಯಾಸದ ತೊಂದರೆ, ತಪಾಸಣೆಯದಲ್ಲ. ಆದರೂ ಅದನ್ನು ಕರೆದದ್ದು 'ಸ್ವಯಂಪ್ರೇರಿತ ಅಪ್‌ಗ್ರೇಡ್' ಅಂತ. ಹೆಸರಿಡುವ ಸ್ವಾತಂತ್ರ್ಯವೂ ಕಂಪನಿಯದ್ದೇ.

'ಮೊದಲು 200 ಗುಂಡು ಹಾರಿಸಿ, ಸರಿಹೋಗುತ್ತದೆ' ಅನ್ನೋದು ಕೆಲವು ತಯಾರಕರ ಮಾಮೂಲಿ ಉತ್ತರ. ಇದರಲ್ಲಿ ಭೌತಶಾಸ್ತ್ರ ಇಲ್ಲದಿಲ್ಲ. ಹೊಸ ಲೋಹದ ಮೇಲ್ಮೈಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಗುಡ್ಡಗಾಡು. ಉಜ್ಜಿ ಉಜ್ಜಿ ತುದಿಗಳು ಮಟ್ಟವಾಗುತ್ತವೆ, ಸ್ಪ್ರಿಂಗ್ ಹದಕ್ಕೆ ಬರುತ್ತದೆ. ಬಿಗಿಯಾಗಿ ಜೋಡಿಸಿದ ಪಿಸ್ತೂಲಿಗೆ ಇದು ನಿಜವಾಗಿ ಬೇಕು. ಆದರೆ ಗಾಳಿಗುಳ್ಳೆಯಿರುವ ಕೊಕ್ಕೆ ಸವೆದು ಸರಿಹೋಗುವುದಿಲ್ಲ, ಗುರಿ ನೋಡಲು ಪಿಸ್ತೂಲಿನ ಮುಂತುದಿಯ ಮೇಲಿರುವ ಮುಂಗುರಿ ವಾರೆಯಾಗಿದ್ದರೆ ಅದೂ ಅಷ್ಟೇ. ಮುಂಗುರಿ ಹಿಂಗುರಿಗಳ ನಡುವೆ 165 ಮಿ.ಮೀ. ಇರುವ ಪಿಸ್ತೂಲಿನಲ್ಲಿ ಮುಂಗುರಿ ಒಂದು ಮಿ.ಮೀ. ಪಕ್ಕಕ್ಕೆ ಸರಿದರೆ 25 ಮೀಟರ್ ದೂರದಲ್ಲಿ ಗುಂಡು 15 ಸೆಂ.ಮೀ. ತಪ್ಪುತ್ತದೆ. ಅದನ್ನು ಪೆಟ್ಟಿಗೆಗೆ ಹಾಕುವಾಗ ಬರೀ ಕಣ್ಣಿಗೇ ಕಾಣಬೇಕಿತ್ತು. ಹಾಗಾಗಿ ನನ್ನ ಲೆಕ್ಕದಲ್ಲಿ ಈ 200 ಗುಂಡಿನ ಮಾತು ಅರ್ಧ ವಿಜ್ಞಾನ, ಇನ್ನರ್ಧ ತಪಾಸಣೆಯ ಖರ್ಚನ್ನು ಕೊಂಡವರ ಜೇಬಿಗೆ ದಾಟಿಸುವ ಉಪಾಯ.

ಆ 200 ಗುಂಡು ಒಂದೂ ತಪ್ಪದೆ ಹೋದವು ಅನ್ನಿ. ಆಗಲೂ ಏನು ಖಾತ್ರಿ? ಸಂಖ್ಯಾಶಾಸ್ತ್ರದಲ್ಲಿ ಒಂದು ಸುಲಭ ಸೂತ್ರ ಇದೆ: ಒಂದೂ ತಪ್ಪು ಕಾಣದಿದ್ದರೆ ಮೂರನ್ನು ಪ್ರಯತ್ನಗಳ ಸಂಖ್ಯೆಯಿಂದ ಭಾಗಿಸಿ. 200ಕ್ಕೆ ಮೂರು, ಅಂದರೆ ಶೇ. 1.5. ತಪ್ಪುವ ಪ್ರಮಾಣ ಇದಕ್ಕಿಂತ ಕಡಿಮೆ ಅಂತ ಶೇ. 95ರಷ್ಟು ಭರವಸೆಯಿಂದ ಹೇಳಬಹುದು, ಅದಕ್ಕಿಂತ ಹೆಚ್ಚೇನೂ ಹೇಳಲಾಗದು.

ಅನುಭವಸ್ಥರು ಇಷ್ಟೆಲ್ಲ ಲೆಕ್ಕ ಹಾಕುವುದಿಲ್ಲ. ಪೆಟ್ಟಿಗೆ ಬಿಚ್ಚಿದ ದಿನವೇ ಮ್ಯಾಗಜೀನುಗಳ ತಳದಲ್ಲಿ ಮಾರ್ಕರಿನಿಂದ 1, 2, 3 ಅಂತ ಬರೆದುಬಿಡುತ್ತಾರೆ. ಪಿಸ್ತೂಲು ನಿಂತಾಗ ಯಾವ ನಂಬರಿನದು, ಎಷ್ಟನೇ ಗುಂಡು, ಯಾವ ತೋಟಾ ಅಂತ ಒಂದು ಚೀಟಿಯಲ್ಲಿ ಗುರುತು ಹಾಕಿಕೊಳ್ಳುತ್ತಾರೆ. ಮೂರು ಸಲವೂ ನಂಬರ್ 2 ಅಂತ ಬಂದರೆ ತಪ್ಪು ಆ ತಗಡಿನ ತುಟಿಯದ್ದು, ಮ್ಯಾಗಜೀನ್ ಬದಲಾಯಿಸಿದರೆ ಮುಗಿಯಿತು. ನಂಬರು ಯಾವುದಾದರೂ ಕೇಸು ಮಾತ್ರ ಹೊಗೆಕೊಳವೆಯಾಗಿಯೇ ನಿಲ್ಲುತ್ತಿದ್ದರೆ ಮೊದಲ ಅನುಮಾನ ಕೊಕ್ಕೆಯ ಮೇಲೆ. ಆಗ ಪಿಸ್ತೂಲು ಕಾರ್ಖಾನೆಗೆ ವಾಪಸ್ ಹೋಗುತ್ತದೆ, ಜೊತೆಗೆ ಆ ಚೀಟಿಯೂ.