ಒಂದೇ ವಿಭಾಗ, ಎರಡು ಕಾಲಮಾನ

ಜೀವಶಾಸ್ತ್ರದ ಪ್ರಯೋಗಾಲಯ ಗುಂಪುಗಳನ್ನೂ ಪರಿಸರಶಾಸ್ತ್ರದ ಕ್ಷೇತ್ರಾಧ್ಯಯನ ಗುಂಪುಗಳನ್ನೂ ಒಂದೇ ವಿಭಾಗದಡಿ ತರಬೇಕೆಂಬ ಪ್ರಸ್ತಾಪ ವಿಶ್ವವಿದ್ಯಾಲಯಗಳಲ್ಲಿ ಆಗಾಗ ತಲೆಯೆತ್ತುತ್ತದೆ. ಚರ್ಚೆ ಮಾತ್ರ ಹೆಚ್ಚಿನ ಸಲ ವಿಭಾಗದ ಹೆಸರು, ಮುಖ್ಯಸ್ಥರ ಸರದಿ, ಕೊಠಡಿಗಳ ಹಂಚಿಕೆ ಇಷ್ಟರಲ್ಲೇ ಮುಗಿದುಹೋಗುತ್ತದೆ. ಕಾರವಾರದ ಕಡಲತಡಿಯಲ್ಲಿ ಈ ಎರಡೂ ಬಗೆಯ ಸಂಶೋಧಕರೊಡನೆ ಕೆಲಸ ಮಾಡುತ್ತ ಬಂದಿರುವ ನಾನು ವಿಲೀನದ ಪರವಾಗಿದ್ದೇನೆ. ಆದರೆ ಅದರ ನಿಜವಾದ ತೊಡಕು ಜಾಗದ್ದಲ್ಲ, ಕಾಲದ್ದು ಎಂಬುದು ನನ್ನ ಅಭಿಪ್ರಾಯ.

ನಮ್ಮ ಜಿಲ್ಲೆಯಲ್ಲಿ ನದಿ ಕಡಲು ಸೇರುವ ಅಳಿವೆಗಳನ್ನೇ ನೋಡೋಣ. ಶಿರಸಿಯ ಬಳಿ ಹುಟ್ಟಿ ತದಡಿಯಲ್ಲಿ ಕಡಲು ಸೇರುವ ಅಘನಾಶಿನಿಗೆ ದೊಡ್ಡ ಅಣೆಕಟ್ಟು ಇಲ್ಲ. ಮಳೆಗಾಲದಲ್ಲಿ ಅಳಿವೆಯ ನೀರು ಬಹುಮಟ್ಟಿಗೆ ಸಿಹಿಯಾಗುತ್ತದೆ, ಬೇಸಿಗೆಯಲ್ಲಿ ಕಡಲ ಭರತದೊಡನೆ ಉಪ್ಪು ಒಳಗೇರುತ್ತದೆ. ಈ ಏರಿಳಿತಕ್ಕೆ ಹೊಂದಿಕೊಂಡೇ ಬಳಚು, ಕಲ್ವದಂಥ ಚಿಪ್ಪುಜೀವಿಗಳು, ಗಜನಿ ಎಂಬ ಉಪ್ಪುನೀರಿನ ತಗ್ಗುಗದ್ದೆಗಳ ಕಗ್ಗ ಭತ್ತ ಎಲ್ಲವೂ ಬಾಳಿಬಂದಿವೆ. 2024ರಲ್ಲಿ ಈ ಅಳಿವೆ ರಾಮ್ಸರ್ ತಾಣ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶ, ಆಯಿತು. ಪಕ್ಕದ ಶರಾವತಿಯ ಕಥೆ ಬೇರೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ನಿಂತ ಮೇಲೆ ವಿದ್ಯುದಾಗಾರಗಳಿಂದ ವರ್ಷವಿಡೀ ಇಳಿದುಬರುವ ಸಿಹಿನೀರು ಹೊನ್ನಾವರದ ಅಳಿವೆಯ ಉಪ್ಪಿನಂಶವನ್ನು ತಗ್ಗಿಸಿದೆ, ಚಿಪ್ಪುಜೀವಿಗಳ ವೈವಿಧ್ಯವೂ ಅಲ್ಲಿ ಕಡಿಮೆ. ಒಂದೇ ಜಿಲ್ಲೆ, ಒಂದೇ ಮಾನ್ಸೂನು, ಬೇರೆಬೇರೆ ಹರಿವು. ಇಂಥ ಹೋಲಿಕೆಯನ್ನು ಯಾವ ಪ್ರಯೋಗಾಲಯದಲ್ಲೂ ಕಟ್ಟಲಾಗದು.

ಹಾಗೆಂದು ಕ್ಷೇತ್ರಾಧ್ಯಯನವೊಂದೇ ಸಾಲದು. ನೀರಿನಲ್ಲಿ ತೇಲುವ ಲಾರ್ವಾ, ಅಂದರೆ ಎಳೆಯ ಮರಿ, ಯಾವ ಪ್ರಭೇದದ ಚಿಪ್ಪಿಯದೆಂದು ಸೂಕ್ಷ್ಮದರ್ಶಕದಲ್ಲಿ ನೋಡಿ ಹೇಳುವುದು ಬಹಳ ಕಷ್ಟ, ಮೈಟೊಕಾಂಡ್ರಿಯಾದ ಒಂದು ಜೀನ್‌ನ ಡಿಎನ್‌ಎ ಅನುಕ್ರಮವನ್ನು ಓದಿದರೆ ತಿಳಿಯುತ್ತದೆ. ಆದರೆ ಆ ಅನುಕ್ರಮವನ್ನು ಹೋಲಿಸಲು, ಚಿಪ್ಪನ್ನು ಕೈಯಲ್ಲಿ ಹಿಡಿದು ವರ್ಗೀಕರಣ ತಜ್ಞರು ಹೆಸರಿಟ್ಟ ಬೆಳೆದ ಮಾದರಿಯೇ ಬೇಕು. ಇಲ್ಲಿ ಗೋಡೆಯ ಎರಡೂ ಬದಿಯವರು ಪರಸ್ಪರ ಅನಿವಾರ್ಯ. ಗೋಡೆ ಇದ್ದಾಗ ಏನಾಗುತ್ತದೆ ಎಂಬುದಕ್ಕೆ ಫಾರ್ಮಲಿನ್ ಸಾಕ್ಷಿ: ದೇಹರಚನೆಯನ್ನು ಕಾಪಾಡಲು ಕ್ಷೇತ್ರದವರು ಬಳಸುವ ಫಾರ್ಮಲಿನ್ ಡಿಎನ್‌ಎಯನ್ನು ಹಾಳುಗೆಡವುತ್ತದೆ. ಸಂಗ್ರಹಿಸಿದ ದಿನವೇ ಒಂದು ಚೂರು ಅಂಗಾಂಶವನ್ನು ಶೇ 95ರ ಎಥನಾಲ್‌ನಲ್ಲಿ ಇಟ್ಟಿದ್ದರೆ ಅದೇ ಮಾದರಿ ಇಬ್ಬರಿಗೂ ಒದಗುತ್ತಿತ್ತು. ಈ ಸಣ್ಣ ಅಭ್ಯಾಸ ಸುತ್ತೋಲೆಯಿಂದ ಬರುವುದಿಲ್ಲ. ಒಂದೇ ಮೇಜಿನ ಸುತ್ತ ಚಹಾ ಕುಡಿಯುವವರ ನಡುವೆ ತಾನಾಗಿ ಬರುತ್ತದೆ. ಸಂಖ್ಯಾಶಾಸ್ತ್ರದ ತರಗತಿ, ಪಿಎಚ್.ಡಿ. ವಿದ್ಯಾರ್ಥಿಗಳ ಸಲಹಾ ಸಮಿತಿ, ಮಳೆಗಾಲದ ಕರೆಂಟು ಕಡಿತದಲ್ಲೂ ತಂಪು ಕಳೆಯದಂತೆ ನೋಡಿಕೊಳ್ಳಬೇಕಾದ ಡೀಪ್ ಫ್ರೀಜರ್, ಇವೂ ಹಂಚಿಕೊಂಡರೇ ಲಾಭ.

ಇನ್ನು ಕಾಲದ ಮಾತು. ಪ್ರಯೋಗಾಲಯದ ಪ್ರಶ್ನೆಯೊಂದು ಸಾಮಾನ್ಯವಾಗಿ ಮೂರು ವರ್ಷದ ಯೋಜನೆಯೊಳಗೆ ಹಿಡಿಸುತ್ತದೆ, ಪ್ರಕಟಣೆಯೂ ಬೇಗ ಆಗುತ್ತದೆ. ಅಳಿವೆಯ ಉಪ್ಪಿನಂಶವನ್ನು ತಿಂಗಳು ತಿಂಗಳು ಅಳೆಯುವ ಕೆಲಸಕ್ಕೆ ಹತ್ತು ವರ್ಷ ಕಳೆದರೂ ಮುಗಿತಾಯವೆಂಬುದಿಲ್ಲ, ಮಧ್ಯೆ ಒಂದು ಮಳೆಗಾಲ ತಪ್ಪಿದರೆ ಆ ವರ್ಷದ ಅಂಕಿಯನ್ನು ಮುಂದೆ ಎಷ್ಟು ಹಣ ಕೊಟ್ಟರೂ ತರಲಾಗದು. ಎರಡನ್ನೂ ಒಂದೇ ಬಜೆಟ್ಟಿಗೆ, ಒಂದೇ ಪ್ರಕಟಣೆಯ ಲೆಕ್ಕಕ್ಕೆ ಸೇರಿಸಿದಾಗ ನಿಧಾನದ ಕೆಲಸವೇ ಮೊದಲು ಸೊರಗುತ್ತದೆ. ಯಾರದೂ ದುರುದ್ದೇಶ ಬೇಕಿಲ್ಲ, ಲೆಕ್ಕವೇ ಹಾಗಿರುತ್ತದೆ.

ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯವು 1980ರ ದಶಕದ ಕೊನೆಯಲ್ಲಿ ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರದಂಥ ಹಳೆಯ ವಿಭಾಗಗಳನ್ನು ಮರುಜೋಡಿಸಿದಾಗ ಎಲ್ಲವನ್ನೂ ಒಂದಾಗಿಸಲಿಲ್ಲ. ಅಣು ಮತ್ತು ಕೋಶ ಜೀವಶಾಸ್ತ್ರಕ್ಕೊಂದು, ಇಡೀ ಜೀವಿಯನ್ನೂ ಅದರ ಪರಿಸರವನ್ನೂ ನೋಡುವ ಸಮಗ್ರ ಜೀವಶಾಸ್ತ್ರಕ್ಕೊಂದು ವಿಭಾಗವನ್ನು ಇರಿಸಿಕೊಂಡಿತು. ಅಷ್ಟು ದೊಡ್ಡ ಸಂಸ್ಥೆಗೆ ಅದು ಸಾಧ್ಯ. ಬೆರಳೆಣಿಕೆಯ ಹುದ್ದೆಗಳಿರುವ ನಮ್ಮ ಕಡೆಯ ವಿಭಾಗಗಳಿಗೆ ಒಂದಾಗುವುದೇ ಹೆಚ್ಚು ವಿವೇಕ ಎನಿಸುತ್ತದೆ, ಆದರೆ ಎರಡು ಸಂಗತಿಗಳನ್ನು ಆದೇಶದಲ್ಲೇ ಬರೆಸಬೇಕು. ಮೊದಲನೆಯದು, ದೀರ್ಘಕಾಲಿಕ ವೀಕ್ಷಣೆಗೆ ಯೋಜನಾ ಅನುದಾನವನ್ನು ಅವಲಂಬಿಸದ, ದೋಣಿ ಬಾಡಿಗೆಯಿಂದ ಹಿಡಿದು ಕ್ಷೇತ್ರ ಸಹಾಯಕರ ಸಂಬಳದವರೆಗೆ ಒಳಗೊಳ್ಳುವ ಪ್ರತ್ಯೇಕ ಲೆಕ್ಕಶೀರ್ಷಿಕೆ. ಎರಡನೆಯದು ಹುದ್ದೆಗಳ ವಿಷಯ, ನನ್ನ ಮಟ್ಟಿಗೆ ಇದೇ ಮುಖ್ಯ. ವರ್ಗೀಕರಣ ಅಥವಾ ಪರಿಸರಶಾಸ್ತ್ರದ ಅಧ್ಯಾಪಕರು ನಿವೃತ್ತರಾದಾಗ ಆ ಜಾಗ ಸಂಯುಕ್ತ ವಿಭಾಗದ ಸಾಮಾನ್ಯ ಖಾತೆಗೆ ಸೇರಿ, ಮುಂದಿನ ಜಾಹೀರಾತಿನಲ್ಲಿ ಜೈವಿಕ ತಂತ್ರಜ್ಞಾನವೆಂದು ಹೊರಬರುವುದು ಸುಲಭ. ವಿಲೀನದ ಆದೇಶದಲ್ಲಿ ಪ್ರತಿ ಹುದ್ದೆಯ ಎದುರು ಅದರ ವಿಶೇಷ ಕ್ಷೇತ್ರವನ್ನು ನಮೂದಿಸಿ, ಅದನ್ನು ಬದಲಿಸಲು ಎರಡೂ ಗುಂಪುಗಳ ಸಮ್ಮತಿ ಬೇಕೆಂದು ವಿಧಿಸದ ಹೊರತು ಕ್ಷೇತ್ರಾಧ್ಯಯನದವರು ಆ ಕಡತಕ್ಕೆ ಸಹಿ ಹಾಕಬಾರದು.